ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ

ರಜೆಯಲ್ಲಿ ಕಡಲತೀರಕ್ಕೆ ಹೋದವರು ಹೆಚ್ಚಾಗಿ ಮರಳಿನ ಕಡೆಗೇ ನಡೆಯುತ್ತಾರೆ. ಬಂಡೆಗಳಿರುವ ಅಂಚನ್ನು ದೂರದಿಂದ ನೋಡಿ ಹಿಂದಿರುಗುತ್ತಾರೆ. ಕಳೆದ ರಜೆಯಲ್ಲಿ ನಾವು ಒಂದು ಇಡೀ ಬೆಳಗನ್ನು ಆ ಬಂಡೆಗಳಿಗೇ ಮೀಸಲಿಟ್ಟೆವು. ಚಾರಣ, ದೋಣಿ ವಿಹಾರ, ಪಕ್ಷಿವೀಕ್ಷಣೆ ಎಲ್ಲವೂ ನನಗೆ ಪ್ರಿಯವಾದವುಗಳೇ. ಆದರೂ ಸಮುದ್ರ ಹಿಂದೆ ಸರಿದಾಗ ಬಂಡೆಯ ಗುಳಿಗಳಲ್ಲಿ ಉಳಿಯುವ ನೀರಿನ ಮುಂದೆ ಕುಳಿತು ಕಂಡಷ್ಟು ಬಗೆಯ ಜೀವಿಗಳನ್ನು ಅಷ್ಟು ಹತ್ತಿರದಿಂದ ನಾನು ಬೇರೆಲ್ಲಿಯೂ ಕಂಡಿಲ್ಲ.

ಇದಕ್ಕೆ ಹೊತ್ತು ಗೊತ್ತುಮಾಡುವುದು ಸಮುದ್ರವೇ ಹೊರತು ನಾವಲ್ಲ. ಬಹುಪಾಲು ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಹೀಗಾಗಿ ಇಂದು ಬೆಳಿಗ್ಗೆ ಕಂಡ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವುದರಿಂದ ಸೆಳೆತ ಕೂಡಿಕೊಂಡು, ಆಗಲೂ ಅದರ ನಂತರದ ಒಂದೆರಡು ದಿನಗಳಲ್ಲೂ ನೀರು ಅತಿ ಎತ್ತರಕ್ಕೆ ಏರಿ ಅತಿ ದೂರಕ್ಕೆ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಹೋದರೆ ಕಾಣುವುದು ಕಡಿಮೆ. ಉಬ್ಬರವಿಳಿತದ ಪಟ್ಟಿ ನೋಡಿ ನಾವು ಅಮಾವಾಸ್ಯೆಯ ಮರುದಿನವನ್ನು ಆರಿಸಿಕೊಂಡೆವು. ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ತಲುಪಿ, ಸರಿಯುತ್ತಿದ್ದ ನೀರಿನ ಹಿಂದೆಯೇ ನಿಧಾನವಾಗಿ ಇಳಿದೆವು.

ಮೇಲಿನ ಒಣಬಂಡೆಯ ತುಂಬ ಬಿಳಿಯ ಹುರುಕಿನಂತೆ ಅಂಟಿಕೊಂಡಿದ್ದವು ಬಾರ್ನಕಲ್‌ಗಳು. ನೋಡಲು ಚಿಪ್ಪಿನ ಹುಳುಗಳಂತಿದ್ದರೂ ಅವು ಏಡಿ, ಸೀಗಡಿಗಳ ಬಳಗದವು. ಮರಿಯಾಗಿದ್ದಾಗ ನೀರಿನಲ್ಲಿ ತೇಲಾಡಿ, ನೆಲೆ ಸಿಕ್ಕೊಡನೆ ತಲೆಯ ಭಾಗವನ್ನು ಕಲ್ಲಿಗೆ ಅಂಟಿಸಿಕೊಂಡು, ಉಳಿದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆಯುತ್ತವೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇವುಗಳ ಅಧ್ಯಯನದಲ್ಲಿ ತೊಡಗಿದ್ದರೆಂದು ಓದಿದ್ದೆ. ನೀರು ತುಂಬಿದ ಗುಳಿಯೊಂದರ ಅಂಚಿನಲ್ಲಿ ಅವು ಬಾಯ್ದೆರೆದು, ಗರಿಯಂತಹ ಕಾಲುಗಳನ್ನು ಹೊರಚಾಚಿ ಆಹಾರವನ್ನು ಒಳಗೆ ಸೆಳೆದುಕೊಳ್ಳುವುದನ್ನು ಕಂಡಾಗ, ಅಷ್ಟು ವರ್ಷಗಳು ಹೇಗೆ ಸಂದಿರಬಹುದು ಎಂಬುದು ನನಗೆ ಅರ್ಥವಾಯಿತು.

ಗುಳಿಯ ಮುಂದೆ ಕುಳಿತ ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ನಮ್ಮ ನೆರಳು ಬಿದ್ದೊಡನೆ ಎಲ್ಲವೂ ಅಡಗುತ್ತವೆ. ನೆರಳು ನೀರಿನ ಮೇಲೆ ಬೀಳದಂತೆ ಕುಳಿತು, ಅಲುಗಾಡದೆ ಕಾದರೆ ಒಂದೊಂದೇ ಜೀವ ಹೊರಬರುತ್ತದೆ. ಜೊತೆಗಿದ್ದ ಅಣ್ಣನ ಮಗಳು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, “ಚಿಕ್ಕಪ್ಪಾ, ಆ ಶಂಖ ನಡೀತಾ ಇದೆ ನೋಡು” ಎಂದಳು. ಸತ್ತ ಬಸವನಹುಳುವಿನ ಚಿಪ್ಪನ್ನು ಹೊತ್ತ ಸನ್ಯಾಸಿ ಏಡಿ ಅದು. ಅದರ ಹೊಟ್ಟೆಯ ಭಾಗ ಮೆತ್ತಗಿರುವುದರಿಂದ ಖಾಲಿ ಚಿಪ್ಪಿಲ್ಲದೆ ಅದಕ್ಕೆ ರಕ್ಷಣೆಯಿಲ್ಲ. ಬೆಳೆದಂತೆಲ್ಲ ಇನ್ನೂ ದೊಡ್ಡ ಚಿಪ್ಪನ್ನು ಹುಡುಕಿಕೊಳ್ಳಬೇಕು. ಇದನ್ನು ವಿವರಿಸಿದ ಮೇಲೆ ಅವಳು ಅದುವರೆಗೆ ಆಯ್ದು ಜೇಬಿಗೆ ಹಾಕಿಕೊಂಡಿದ್ದ ಚಿಪ್ಪುಗಳನ್ನೆಲ್ಲ, ನಾನು ಹೇಳದೆಯೇ, ನೀರಿನಂಚಿನಲ್ಲಿ ಸಾಲಾಗಿ ಇಟ್ಟಳು.

ಇನ್ನೂ ಕೆಳಗಿನ ಬಂಡೆಗಳಲ್ಲಿ ನಕ್ಷತ್ರಮೀನೊಂದು ಬಿರುಕಿನಲ್ಲಿ ಅವಿತಿತ್ತು. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಪೈನ್ 1960ರ ದಶಕದಲ್ಲಿ ತೀರದ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಮಾತ್ರ ತೆಗೆಯುತ್ತ ಬಂದಾಗ, ಅವುಗಳ ಆಹಾರವಾಗಿದ್ದ ಮಸ್ಸೆಲ್ ಚಿಪ್ಪುಜೀವಿಗಳು ಬಂಡೆಯನ್ನೆಲ್ಲ ಆಕ್ರಮಿಸಿ ಉಳಿದ ಹಲವು ಜೀವಿಗಳಿಗೆ ಜಾಗವಿಲ್ಲದಂತಾಯಿತು. ಇದನ್ನು ಬಲ್ಲವರಿಗೆ ಒಂದು ಪ್ರಾಣಿಯನ್ನು ಫೋಟೋಗಾಗಿ ಕಿತ್ತು ಮೇಲೆತ್ತಲು ಕೈ ಬರುವುದಿಲ್ಲ. ಕಲ್ಲನ್ನು ಮಗುಚಿದರೂ ಮೊದಲಿದ್ದಂತೆಯೇ ಮೆಲ್ಲನೆ ಮರಳಿ ಇಡಬೇಕು. ಅಡಿಭಾಗದಲ್ಲಿ ನೆರಳು, ತೇವಗಳನ್ನು ನಂಬಿದ ಜೀವಿಗಳು ಬಿಸಿಲಿಗೆ ಬಿದ್ದರೆ ಸಾಯುತ್ತವೆ.

ಸುರಕ್ಷತೆಯ ಮಾತನ್ನೂ ಹೇಳಲೇಬೇಕು. ಪಾಚಿ ಹಿಡಿದ ಬಂಡೆ ಜಾರುತ್ತದೆ, ಬಾರ್ನಕಲ್ ಚರ್ಮವನ್ನು ಸೀಳುತ್ತದೆ, ಬರಿಗಾಲು ಸಲ್ಲದು. ಬೆಚ್ಚನೆಯ ಸಮುದ್ರಗಳಲ್ಲಿ ಚೆಂದದ ಚಿತ್ತಾರವುಳ್ಳ ಶಂಕುವಿನಾಕಾರದ ಚಿಪ್ಪನ್ನು ಕೈಗೆತ್ತಿಕೊಳ್ಳಲೇಬಾರದು. ಅದರೊಳಗೆ ಜೀವವಿದ್ದರೆ ಅದರ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಕಡಲಿಗೆ ಬೆನ್ನು ಹಾಕಿ ಮೈಮರೆಯಬಾರದು. ಉಬ್ಬರ ಮೊದಲು ಮೆಲ್ಲಗೆ ಆರಂಭವಾಗಿ ನಡುವಿನ ಎರಡು ಗಂಟೆಗಳಲ್ಲಿ ಒಟ್ಟು ಏರಿಕೆಯ ಸುಮಾರು ಅರ್ಧದಷ್ಟನ್ನು ಏರಿಬಿಡುತ್ತದೆ. ನೀರು ತಿರುಗಿದ ಹೊತ್ತಿಗೆ ನಾವು ಮೇಲೇರತೊಡಗಿದೆವು. ಸನ್ಯಾಸಿ ಏಡಿ ಚಿಪ್ಪು ಬದಲಿಸುವುದನ್ನು ನೋಡದೆ ಹೊರಡುವುದಿಲ್ಲವೆಂದು ಅಣ್ಣನ ಮಗಳು ಹಟ ಹಿಡಿದಳು. ಮುಂದಿನ ರಜೆಯ ದಿನಗಳನ್ನು ಉಬ್ಬರವಿಳಿತದ ಪಟ್ಟಿ ನೋಡಿಯೇ ಗೊತ್ತುಮಾಡೋಣ ಎಂದು ಮಾತು ಕೊಟ್ಟ ಮೇಲೆ ಎದ್ದು ಬಂದಳು.