ಬಲ್ಬ್ ಇಲ್ಲದ ಮೈಕ್ರೋಸ್ಕೋಪು

ಕರಿಯ ನಮ್ಮ ಪಶು ಆಸ್ಪತ್ರೆಗೆ ಬಂದಿದ್ದು ಕಜ್ಜಿಗೆ. ಮಂಡ್ಯದ ಹತ್ತಿರ ವಿ.ಸಿ. ನಾಲೆ ಪಕ್ಕದ ಗದ್ದೆ ಕಾಯುವ ನಾಟಿ ನಾಯಿ, ಐದು ವರ್ಷ. "ಬೆಳಗಾನೆ ಒಸಿ ಕೆಮ್ತದೆ ಸಾ, ಮೊದ್ಲಂಗೆ ಓಡಾಕಿಲ್ಲ" ಅಂದರು ಗೌಡರು. ಹೊರಗೆ ಆರು ಹಸು ಕೃತಕ ಗರ್ಭಧಾರಣೆಗೆ ನಿಂತಿದ್ದವು. ಹೂಂಗುಟ್ಟಿ, ಕಜ್ಜಿಯ ಔಷಧಿ ಐವರ್‌ಮೆಕ್ಟಿನ್ ಚರ್ಮದಡಿ ಕೊಟ್ಟು ಓಪಿಡಿ ಬುಕ್ಕಲ್ಲಿ ಬರೆದೆ. ಗಾಜಿನ ಮೇಲೆ ರಕ್ತ ಸವರಿ ನೋಡಲಿಲ್ಲ. ಮೈಕ್ರೋಸ್ಕೋಪಿನ ಬಲ್ಬ್ ಹೋಗಿ ಎರಡು ತಿಂಗಳಾಗಿತ್ತು. ಬಲ್ಬ್ ಬೇಕೆಂದು ಇಂಡೆಂಟ್ ಮೂರು ಸಲ ಕಳಿಸಿದ್ದೆ. ಮೂರು ಸಲವೂ ಬಂದದ್ದು ಮಿನರಲ್ ಮಿಕ್ಸ್ಚರ್.

ಮುಕ್ಕಾಲು ಗಂಟೆ ಕಳೆದ ಮೇಲೆ ಗೌಡರು ಓಡಿಬಂದರು. ಹೊಂಗೆ ಮರದಡಿ ಕರಿಯ ವಾಂತಿ ಮಾಡಿ ಅಡ್ಡ ಬಿದ್ದಿತ್ತು. ತುಟಿ ಎತ್ತಿ ನೋಡಿದೆ, ಒಸಡು ಸುಣ್ಣದ ಹಾಗೆ ಬೆಳ್ಳಗೆ. ನನ್ನ ತಲೆಗೆ ಮೊದಲು ಬಂದದ್ದು ಎಂಡಿಆರ್ ಒನ್, ಕೆಲವು ವಿದೇಶಿ ತಳಿಗಳಿಗೆ ಈ ಔಷಧಿಯನ್ನು ವಿಷವಾಗಿಸುವ ಜೀನ್ ದೋಷ. ನಾಟಿ ನಾಯಿಗೆ ಎಲ್ಲಿಯ ಎಂಡಿಆರ್ ಒನ್! ಮುಂಗಾಲಲ್ಲಿ ರಕ್ತನಾಳ ಸಿಗಲಿಲ್ಲ, ಎರಡು ಸಲ ತಪ್ಪಿತು. ಹಿಂಗಾಲಲ್ಲಿ ಸಿಕ್ಕಿತು. ಆರ್‌ಎಲ್ ಡ್ರಿಪ್, ಜೊತೆಗೆ ಡೆಕ್ಸಾ ಅನ್ನೋ ಸ್ಟಿರಾಯ್ಡ್. ಆಗ ಮೊದಲ ಸಲ ಎದೆಗೆ ಸ್ಟೆತ್ ಇಟ್ಟೆ. ಬೆಳಗ್ಗೆಯೇ ಇಟ್ಟಿದ್ದರೆ ಬಡಿತದ ನಡುವಿನ ಆ ಸುಯ್ ಶಬ್ದ, ಮರ್ಮರ್, ಕೇಳುತ್ತಿತ್ತು.

ಡ್ರಿಪ್ ಇಳಿಯುವಾಗ ನಮ್ಮ ಡಿ ಗ್ರೂಪ್ ಅಣ್ಣ ಮೊಬೈಲ್ ಟಾರ್ಚ್ ಹಾಕಿ ಮೈಕ್ರೋಸ್ಕೋಪಿನ ಬೆಳಕು ಬೀಳೋ ಮಸೂರದ (ಕಂಡೆನ್ಸರ್) ಕೆಳಗೆ ಹಿಡಿದರು. ಎರಡು ತಿಂಗಳಲ್ಲಿ ನನಗೆ ಹೊಳೆಯದಿದ್ದ ಉಪಾಯ. ಒಂದು ಹನಿ ರಕ್ತದಲ್ಲಿ ದಾರದೆಳೆಯಂಥ ಹುಳದ ಮರಿಗಳು, ಮೈಕ್ರೋಫೈಲೇರಿಯಾ, ಕೆಂಪು ಕಣಗಳನ್ನು ಅತ್ತಿತ್ತ ತಳ್ಳುತ್ತ ಒದ್ದಾಡುತ್ತಿದ್ದವು. ಮಸೂರದಲ್ಲಿ ಕಾಣುವಷ್ಟೂ ಜಾಗದ ತುಂಬ. ಇಷ್ಟು ಮೈಕ್ರೋಫೈಲೇರಿಯಾ ಇರುವ ನಾಯಿಗೆ ಕಜ್ಜಿಯ ಡೋಸು ಬಿದ್ದರೆ ಅವು ಒಟ್ಟಿಗೇ ಸಾಯುತ್ತವೆ, ನಾಯಿ ರಕ್ತದೊತ್ತಡ ಕುಸಿದು ಶಾಕಿಗೆ ಹೋಗಬಹುದು.

ನಮ್ಮ ಕಡೆ ಸಿಗೋದು ಚರ್ಮದಡಿ ಇರೋ ಇದೇ ಜಾತಿಯ ಇನ್ನೊಂದು ಹುಳ, ರೆಪೆನ್ಸೇ ಅಂತ ಆಗಲೂ ವಾದ ಮಾಡಿದೆ. ಮೈಸೂರಿಂದ ಸ್ವಂತ ದುಡ್ಡಲ್ಲಿ ತರಿಸಿದ ಆಂಟಿಜನ್ ಕಿಟ್ಟಲ್ಲಿ ಎರಡನೇ ಗೆರೆ ಮೂಡಿತು. ಇಮಿಟಿಸ್, ಹೃದಯದ ಹುಳ.

ಸಂಜೆ ಹೊತ್ತಿಗೆ ಕರಿಯ ಎದ್ದು ನೀರು ಕುಡಿಯಿತು. "ಸೊಳ್ಳೆ ಕಚ್ಚುದ್ರೆ ಎದೆಗೆ ಹುಳ ಬೀಳ್ತದಾ?" ಅಂತ ಗೌಡರಿಗೆ ಅನುಮಾನ. ಸೊಳ್ಳೆ ಬಿಟ್ಟ ಮರಿ ಗುಂಡಿಗೆ, ಶ್ವಾಸಕೋಶದ ರಕ್ತನಾಳ ಸೇರಿ ಪೂರ್ತಿ ಬೆಳೆಯೋಕೆ ಆರೇಳು ತಿಂಗಳು. ಹೆಣ್ಣು ಹುಳ ಒಂದಡಿ ಉದ್ದ ಅಂದೆ. ತಿಂಗಳಿಗೊಮ್ಮೆ ಕೊಡುವ ಔಷಧಿ ಹಿಂದಿನ ತಿಂಗಳಲ್ಲಿ ಹೊಕ್ಕ ಮರಿಗೆ ಮಾತ್ರ, ಬೆಳೆದ ಹುಳಕ್ಕೆ ಬೇರೆಯದೇ ಚಿಕಿತ್ಸೆ. ಆ ಹುಳ ಸಾಯುವಾಗ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ಓಡಾಡಿಸಬೇಡಿ ಅಂದರೆ, "ಹಂದಿ ಯಾರು ಓಡಿಸ್ತಾರೆ ಸಾ, ನೀವಾ?" ಅಂದರು.

ಬಲ್ಬ್ ಇನ್ನೂ ಬಂದಿಲ್ಲ. ಈಗ ಕಜ್ಜಿ ನಾಯಿ ಬಂದರೆ ಮೊದಲು ಒಂದು ಹನಿ ರಕ್ತ, ಆಮೇಲೆ ಸೂಜಿ. ಟಾರ್ಚ್ ಅಣ್ಣನದೇ. ಚಾರ್ಜ್ ಇಳಿದಾಗ ಬೈಗುಳ ನನಗೆ.