ಸೀಡ್ ಲೆಕ್ಕ, ಮೂರನೇ ವಾರ: ಸೊನ್ನೆ ಡಿಗ್ರಿಯಲ್ಲಿ ಸಿಕ್ಕಿಬಿದ್ದೆ

ಜುಲೈ 13, ಸಾಗರ. ಮಳೆ ಹೊಳವಾಗುತ್ತಿಲ್ಲ. ಅಡಿಕೆಗೆ ಬೋರ್ಡೋ ಹೊಡೆಯುವ ಮಾತೇ ಇಲ್ಲ. ಕರೆಂಟಿಲ್ಲ, ಲ್ಯಾಪ್‌ಟಾಪ್ ಇನ್ವರ್ಟರ್ ಮೇಲೆ.

ಹೊಸಬರಿಗೆ ಹಿನ್ನೆಲೆ ಇಷ್ಟೇ. ಚಿಕ್ಕಪ್ಪನ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅಯೋಡಿನ್-125 ಸೀಡ್ ಇಟ್ಟಿದ್ದಾರೆ, ಅಂದರೆ ಗ್ರಂಥಿಯ ಒಳಗೇ ಕೂತು ವಿಕಿರಣ ಸೂಸುವ ಪುಟ್ಟ ಕಡ್ಡಿಗಳು. ಒಂದೊಂದೂ 4.5 ಮಿ.ಮೀ. ಉದ್ದ, ಭತ್ತದ ಕಾಳಿಗಿಂತ ಚಿಕ್ಕದು. ಫೈಲಿನಲ್ಲಿ 145 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಅಂತ ಬರೆದಿದೆ. "ಅಷ್ಟೂ ಒಂದೇ ದಿನ ಬೀಳುತ್ತೇನೋ?" ಅಂದರು. ಉತ್ತರ ಹುಡುಕಲು ಹೋದವನು ಸ್ಪ್ರೆಡ್‌ಶೀಟ್‌ನಲ್ಲಿ ಮುಳುಗಿದೆ.

ದಾರಿ ಟಿಜಿ-43ರದ್ದು, ಸೀಡಿನ ಡೋಸ್ ಲೆಕ್ಕ ಹಾಕುವ ವಿಧಾನ ಅದು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 1995ರಲ್ಲಿ ಕೊಟ್ಟಿದ್ದು, 2004ರಲ್ಲಿ ತಿದ್ದಿದ್ದು. ಸೀಡಿನ ಬಲ, ಡೋಸ್ ರೇಟ್ ಕಾನ್‌ಸ್ಟಂಟ್ (ಒಂದು ಯೂನಿಟ್ ಬಲಕ್ಕೆ 1 ಸೆಂ.ಮೀ. ದೂರದಲ್ಲಿ ಗಂಟೆಗೆ ಬೀಳುವ ಡೋಸ್), ದೂರ, ನೀರು ಹೀರುವ ಪಾಲು, ಕೋನ: ಐದನ್ನೂ ಗುಣಿಸಬೇಕು. ದೇಹವೆಲ್ಲ ನೀರು ಅಂತಲೇ ಅದರ ಲೆಕ್ಕ.

ನಾನು ಹಿಡಿದಿದ್ದು 6711 ಮಾದರಿಯ ಸೀಡ್. ಅದರ ಕಾನ್‌ಸ್ಟಂಟ್ 0.965. ಬಲ 0.5 ಯೂನಿಟ್ ಅಂತ ಇಟ್ಟರೆ 1 ಸೆಂ.ಮೀ. ದೂರದಲ್ಲಿ ಗಂಟೆಗೆ 0.48 ಸೆಂಟಿಗ್ರೇ. ಅರ್ಧಾಯುಷ್ಯ, ಅಂದರೆ ಬಲ ಅರ್ಧಕ್ಕಿಳಿಯುವ ಅವಧಿ, 59.4 ದಿನ. ಸರಾಸರಿ ಆಯುಷ್ಯ ಬರಲು ಅದನ್ನು 1.443ರಿಂದ ಗುಣಿಸಿ ಗಂಟೆ ಮಾಡಿದರೆ ಸುಮಾರು 2,057. ಪೂರ್ತಿ ಆರುವಷ್ಟರಲ್ಲಿ ಒಂದು ಸೀಡಿನಿಂದ ಹತ್ತಿರ ಹತ್ತಿರ 10 ಗ್ರೇ. ಮೊದಲ ಸಲ ದಿನವನ್ನು ಗಂಟೆ ಮಾಡಲು ಮರೆತು 0.4 ಬಂದಿತ್ತು, ನಗಬೇಡಿ. 2 ಸೆಂ.ಮೀ.ಗೆ ಸರಿದರೆ 10 ಇದ್ದದ್ದು 2ಕ್ಕೆ ಇಳಿಯುತ್ತದೆ. ದೂರ ದುಪ್ಪಟ್ಟಾದರೆ ಕಾಲು ಭಾಗ ಅಲ್ವಾ, ಅದರಲ್ಲೂ ಒಂದಷ್ಟನ್ನು ನೀರು ನುಂಗುತ್ತದೆ. ಪಕ್ಕದ ಅಂಗಗಳು ಬಚಾವಾಗುವುದು ಇದರಿಂದಲೇ.

ಈ ವಾರ ತಲೆ ತಿಂದಿದ್ದು ಸೀಡಿನ ತುದಿ. ಸೀಡನ್ನು ಚುಕ್ಕಿ ಅನ್ನುವ ಬದಲು 3 ಮಿ.ಮೀ. ಗೆರೆ ಅಂತ ಹಿಡಿದೆ. ತುದಿಯ ನೇರಕ್ಕಿದ್ದ ಜಾಗಗಳಿಗೆ ಶೀಟಿನ ಸೆಲ್‌ಗಳಲ್ಲೆಲ್ಲ ಎರರ್! ಎರಡು ರಾತ್ರಿ ಸುಮ್ನೆ ಫಾರ್ಮುಲಾ ತಿದ್ದಿದೆ. ಕಾರಣ ಸಣ್ಣದು: ಅಲ್ಲಿ ಕೋನ ಸೊನ್ನೆ, ಅದರ ಸೈನ್ (sin) ಕೂಡ ಸೊನ್ನೆ, ನಾನು ಅದರಿಂದ ಭಾಗಿಸುತ್ತಿದ್ದೆ. ಆ ಒಂದು ಸಾಲಿಗೆ ಬೇರೆ ಸೂತ್ರವೇ ಇದೆ: ದೂರದ ವರ್ಗದಿಂದ ಉದ್ದದ ವರ್ಗದ ಕಾಲು ಭಾಗ ಕಳೆದು, 1ನ್ನು ಅದರಿಂದ ಭಾಗಿಸಬೇಕು. ಹಾಕಿದ ಮೇಲೆ ಶೀಟು ತಣ್ಣಗಾಯಿತು.

ಚಿಕ್ಕಪ್ಪನಿಗೆ ಸೀಡ್ ಇಟ್ಟು ನಾಲ್ಕು ತಿಂಗಳು, ಅಂದರೆ ಎರಡು ಅರ್ಧಾಯುಷ್ಯ. ಮುಕ್ಕಾಲು ಪಾಲು ಬಿದ್ದಾಗಿದೆ ಅಂದೆ. "ಉಳಿದ ಕಾಲು?" ಅಂದರು. ಹತ್ತು ತಿಂಗಳು ತುಂಬುವ ಹೊತ್ತಿಗೆ ಶೇ. 97 ಮುಗಿದಿರುತ್ತದೆ. ಅವರ ನಿಜವಾದ ಪ್ಲಾನ್ ಆಸ್ಪತ್ರೆಯ ಫಿಸಿಸಿಸ್ಟ್ ಮಾಡಿದ್ದು, ನನ್ನದು ಬರೀ ಆಟ.

ಮುಂದಿನ ವಾರ ಸೀಡ್‌ಗಳನ್ನು ಸಾಲಾಗಿ ನೆಟ್ಟು ಡೋಸ್ ಕೂಡಿಸಬೇಕು. ತೋಟದಲ್ಲಿ ಅಡಿಕೆಗೆ 9 ಅಡಿ ಅಂತರ, ಇಲ್ಲಿ ಸೀಡ್ ಇಡುವ ಸೂಜಿಯ ತೂತುಗಳಿಗೆ 5 ಮಿ.ಮೀ. ಅಷ್ಟರೊಳಗೆ ಮಳೆ ಬಿಟ್ಟರೆ ಬೋರ್ಡೋಗೆ ಹೋಗುತ್ತೇನೆ, ಶೀಟು ಕಾಯಲಿ.