ಘಟ್ಟ ಇಳಿದ ಮೇಲಿನ ಏರು

ಶಿರಸಿಯಿಂದ ಕಾರವಾರದವರೆಗೆ ಒಂದೇ ದಿನ ಸೈಕಲ್ ಹೊಡೆದೆವು ಅಂದಕೂಡಲೇ ಎಲ್ಲರೂ ಕೇಳುವುದು ದೇವಿಮನೆ ಘಟ್ಟದ ಬಗ್ಗೆ. 'ಘಟ್ಟ ಹೆಂಗಾಯ್ತು ಮಾರಾಯಾ?' ಘಟ್ಟ ಏನೂ ಆಗಲಿಲ್ಲ. ನಾವು ಹೋಗಿದ್ದು ಇಳಿಯುವ ದಿಕ್ಕಿನಲ್ಲಿ. ಕಾಲು ಸೋತಿದ್ದು ಕೆಳಗೆ, ಸಮುದ್ರದ ಪಕ್ಕದಲ್ಲಿ.

ದಾರಿ ಗೊತ್ತು ಮಾಡಿದ್ದು ಭಾವ. ಅಕ್ಕನ ಗಂಡ, ಅಡಿಕೆ ತೋಟದವರು. ಕೊನೆಕೊಯ್ಲು ಮುಗಿದು ಫೆಬ್ರುವರಿ ಬಂದರೆ ಅವರಿಗೆ ಸೈಕಲ್ ನೆನಪಾಗುತ್ತದೆ. ಅಘನಾಶಿನಿ ನದಿಯನ್ನು ಹುಟ್ಟಿದಲ್ಲಿಂದ ಸಮುದ್ರ ಸೇರುವವರೆಗೆ ನೋಡಬೇಕು, ಆಮೇಲೆ ಕಡಲಿನ ಪಕ್ಕದಲ್ಲೇ ಉತ್ತರಕ್ಕೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಹುಟ್ಟು ನೋಡಲು ದೂರವೇನೂ ಹೋಗಬೇಕಿಲ್ಲ. ಶಿರಸಿ ಪೇಟೆಯೊಳಗಿನ ಶಂಕರ ಹೊಂಡವೇ ಆ ನದಿಯ ಒಂದು ಮೂಲ. ಎಲ್ಲೂ ಅಣೆಕಟ್ಟಿಲ್ಲದ ನದಿ. ಉಂಚಳ್ಳಿಯಲ್ಲಿ 116 ಮೀಟರ್ ಒಂದೇ ಸಲ ಧುಮುಕಿ ಘಟ್ಟದ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ. ಸೈಕಲ್ಲಿನವರಿಗೆ ಆ ಸೌಲಭ್ಯ ಇಲ್ಲ. ಕುಮಟಾ ರಸ್ತೆಯ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಕು.

ಶಿರಸಿ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಬೆಳಕು ಹರಿಯುವ ಮೊದಲೇ ಹೊರಟಿದ್ದರಿಂದ ಬೆರಳು ಮರಗಟ್ಟಿ ಗೇರ್ ಬದಲಿಸುವುದೇ ಕಷ್ಟವಾಗಿತ್ತು. ಊರು ಬಿಟ್ಟ ತಕ್ಷಣ ಇಳಿಜಾರು ಸಿಗುತ್ತದೆ ಅಂತ ಬೇರೆ ಊರಿನವರು ತಿಳಿದಿರುತ್ತಾರೆ. ಹಾಗೇನಿಲ್ಲ. ರಾಗಿಹೊಸಳ್ಳಿ ದಾಟುವವರೆಗೂ ಏರು, ಇಳುಕಲು, ಮತ್ತೆ ಏರು. ಎರಡೂ ಬದಿ ಕಾಡು, ನಡುನಡುವೆ ತೋಟ.

ದೇವಿಮನೆಯ ಗುಡಿ ಎದುರು ನಿಂತು, ಕೈಮುಗಿದು, ಬ್ರೇಕ್ ಒಮ್ಮೆ ಪರೀಕ್ಷೆ ಮಾಡಿಕೊಂಡೆವು. ಭಾವನದ್ದು ಡಿಸ್ಕ್ ಬ್ರೇಕ್, ನನ್ನದು ಹಳೆಯ ರಿಮ್ ಬ್ರೇಕ್. ರಿಮ್ ಬ್ರೇಕಿನವರು ಘಟ್ಟದಲ್ಲಿ ಒಂದೇ ಸಮ ಒತ್ತಿ ಹಿಡಿಯಬಾರದು. ರಿಮ್ಮು ಕಾದು ಟ್ಯೂಬ್ ಒಡೆಯುವ ಭಯ ಇರುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಬೇಕು, ತಿರುವಿನಲ್ಲಿ ಬಿಡಬೇಕು, ರಿಮ್ಮಿಗೆ ಗಾಳಿ ಆಡಲು ಬಿಡಬೇಕು. ಅರ್ಧ ಇಳಿದು ನಿಲ್ಲಿಸಿ ಮುಟ್ಟಿ ನೋಡಿದೆ. ಬೆರಳು ಇಡಲಾಗದಷ್ಟು ಬಿಸಿ! ಅದು ತಣಿಯುವವರೆಗೆ ಕಟ್ಟೆ ಮೇಲೆ ಕೂತು ಚಿಕ್ಕಿ ತಿಂದೆವು. ಕೆಳಗೆ ಇಳಿದಂತೆ ಗಾಳಿಯೇ ಬದಲಾಯಿತು. ಕತಗಾಲ ಬರುವಷ್ಟರಲ್ಲಿ ಜಾಕೆಟ್ ಬಿಚ್ಚಿ ಬೆನ್ನಿನ ಜೇಬಿಗೆ ತುರುಕಿಯಾಗಿತ್ತು.

ಕುಮಟಾದಲ್ಲಿ ಬನ್ಸ್ ತಿಂದೆವು, ಸುಮ್ನೆ ಅಲ್ಲ, ಹೊಟ್ಟೆ ತುಂಬ. ಅಲ್ಲಿಂದ ಹೆದ್ದಾರಿ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೊರಟೆವು. ಇಡೀ ದಿನದಲ್ಲಿ ನನಗೆ ಹಿಡಿಸಿದ ರಸ್ತೆ ಇದೇ. ತೆಂಗಿನ ತೋಟ, ಹಂಚಿನ ಮನೆ, ಆಚೆ ಗಜನಿ ಗದ್ದೆ. ಉಪ್ಪುನೀರು ನುಗ್ಗುವ ಈ ಗಜನಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಾರೆ. ನೀರಲ್ಲಿ ಮುಳುಗಿದರೂ, ಉಪ್ಪು ತಾಗಿದರೂ ತಡೆಯುವ ಭತ್ತ ಅದು. ಈಗ ಗದ್ದೆಯಲ್ಲಿ ನೀರು, ಬೆಳ್ಳಕ್ಕಿ ಬಿಟ್ಟರೆ ಬೇರೇನೂ ಇರಲಿಲ್ಲ.

ಅಘನಾಶಿನಿಯಿಂದ ತದಡಿಗೆ ದಾಟಲು ದೋಣಿಯೇ ಗತಿ. ಇಲ್ಲದಿದ್ದರೆ ವಾಪಸ್ ಹೆದ್ದಾರಿಗೆ ಹೋಗಿ, ದಿವಗಿ ಸೇತುವೆ, ಮಿರ್ಜಾನ್ ಅಂತ ಸುತ್ತಬೇಕು. ದೋಣಿಯವನು ನನ್ನ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, 'ಇದರಲ್ಲಿ ಭಾರವೇ ಇಲ್ವಲ್ರೋ, ಇದಕ್ಕೆ ಎಷ್ಟು ಕೊಟ್ರಿ?' ಅಂದ. ಭಾವ ನನಗಿಂತ ಮುಂಚೆ ಬಾಯಿ ಹಾಕಿ ಅರ್ಧ ಬೆಲೆ ಹೇಳಿದರು. ಮನೆಯಲ್ಲಿ ಅಕ್ಕನಿಗೆ ಹೇಳಿದ ಬೆಲೆಯೂ ಅದೇ ಇರಬೇಕು.

ನೀರು ಇಳಿದಿತ್ತು. ನದಿ ಕಡಲು ಸೇರುವ ಅಳಿವೆಯ ನಡುವೆ ಸೊಂಟದ ಮಟ್ಟದ ನೀರಿನಲ್ಲಿ ಜನ ನಿಂತು, ಕಾಲಿನಿಂದ ತಡಕಿ, ಬಗ್ಗಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಹೆಸರು ಸೇರಿದೆ. ಅಲ್ಲಿ ನಿಂತವರಿಗೆ ಅದಕ್ಕಿಂತ ಬುಟ್ಟಿ ತುಂಬುವುದು ಮುಖ್ಯ. ಬೆಳಿಗ್ಗೆ ಹೊಂಡದಲ್ಲಿ ನೋಡಿದ ನೀರು ಇಷ್ಟು ಅಗಲವಾಗಿದೆ ಅಂತ ನಂಬುವುದಕ್ಕೇ ಆಗಲಿಲ್ಲ.

ಗೋಕರ್ಣದಲ್ಲಿ ನಿಲ್ಲಲಿಲ್ಲ. ರಜೆಯ ದಿನ, ಕಾರುಗಳ ಸಾಲು. ಸಾಣಿಕಟ್ಟಾದ ಉಪ್ಪಿನಾಗರಗಳ ಪಕ್ಕ ಬಿಸಿಲು ನೀರಿಗೆ ಬಡಿದು ಕಣ್ಣಿಗೆ ಚುಚ್ಚುತ್ತಿತ್ತು. ಮಾದನಗೇರಿಯಲ್ಲಿ ಹೆದ್ದಾರಿ 66 ಸೇರಿದೆವು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ.

ಉಡುಪಿ ಕಡೆ ಘಟ್ಟ ದೂರ ನಿಂತು ಸಮುದ್ರಕ್ಕೆ ಜಾಗ ಬಿಟ್ಟಿದೆ. ನಮ್ಮಲ್ಲಿ ಹಾಗಲ್ಲ. ಕಾರವಾರದ ಹತ್ತಿರ ಬಂದಂತೆ ಸಹ್ಯಾದ್ರಿ ಸೀದಾ ಕಡಲಿಗೇ ಕಾಲು ಚಾಚುತ್ತದೆ. ನದಿ ಬಂದರೆ ರಸ್ತೆ ಇಳಿಯುತ್ತದೆ, ಗುಡ್ಡ ಬಂದರೆ ಏರುತ್ತದೆ. ಯಾವ ಏರೂ ದೊಡ್ಡದಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ, ನೆರಳೇ ಇಲ್ಲದ ಚತುಷ್ಪಥದಲ್ಲಿ, ಒಂದು ಮುಗಿಯುತ್ತಲೇ ಇನ್ನೊಂದು ಕಂಡರೆ ಮನಸ್ಸೇ ಕುಸಿಯುತ್ತದೆ. ಜೊತೆಗೆ ಗಾಳಿ. ಬೆಳಿಗ್ಗೆ ಗುಡ್ಡದ ಕಡೆಯಿಂದ ಬೀಸುವುದು ಮಧ್ಯಾಹ್ನಕ್ಕೆ ತಿರುಗಿ ಕಡಲಿನಿಂದ ಬೀಸುತ್ತದೆ, ಈ ಕಾಲದಲ್ಲಿ ಜಾಸ್ತಿ ವಾಯವ್ಯದಿಂದ. ಉತ್ತರಕ್ಕೆ ಹೋಗುವವರ ಮುಖಕ್ಕೇ ಬಂತು. 'ಘಟ್ಟ ಇಳದ್ದು ಲೆಕ್ಕಕ್ಕೇ ಇಲ್ಲೆ' ಅಂತ ಗೊಣಗುತ್ತ ಭಾವ ನನ್ನ ಹಿಂದೆ ಅಡಗಿಕೊಂಡರು. ಸರದಿಯಂತೆ ಮುಂದೆ ಹೋಗೋಣ ಅಂತ ಮಾತಾಗಿತ್ತು. ಅವರ ಸರದಿ ಯಾಕೋ ಬೇಗಬೇಗ ಮುಗಿಯುತ್ತಿತ್ತು.

ಮೀನಿನ ಲಾರಿಗಳ ಕಥೆ ಬೇರೆ. ಮುಂದೆ ಹೋದ ಲಾರಿಯಿಂದ ಸುರಿದ ಉಪ್ಪುನೀರು ರಸ್ತೆಯುದ್ದಕ್ಕೂ ಗೆರೆ ಹಾಕಿರುತ್ತದೆ. ತಿರುವಿನಲ್ಲಿ ಟೈರ್ ಜಾರುತ್ತದೆ, ಚೈನಿಗೆ ಹಾರಿದರೆ ಮರುದಿನವೇ ತುಕ್ಕು. ಕರಾವಳಿಯಲ್ಲಿ ಸೈಕಲ್ ಹೊಡೆದವರು ಅವತ್ತೇ ಸಿಹಿನೀರಿನಲ್ಲಿ ತೊಳೆದು ಎಣ್ಣೆ ಬಿಡಬೇಕು.

ಗಂಗಾವಳಿ ನದಿ ದಾಟಿ ಶಿರೂರು ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ, ಚಹಾ ಅಂಗಡಿಯನ್ನೂ, ಜನರನ್ನೂ ನದಿಗೆ ತಳ್ಳಿದ ಜಾಗ. ಕಾರಿನಲ್ಲಿ ಹೋದರೆ ಒಂದು ನಿಮಿಷದಲ್ಲಿ ದಾಟುತ್ತದೆ. ಸೈಕಲ್ಲಿಗೆ ನಿಧಾನ. ಕಡಿದ ಗುಡ್ಡದ ಕೆಂಪು ಮಣ್ಣು ಒಂದು ಕಡೆ, ನದಿ ಇನ್ನೊಂದು ಕಡೆ, ನಡುವೆ ನಾವು. ರಸ್ತೆ ಅಗಲ ಮಾಡುವಾಗ ಗುಡ್ಡದ ಬುಡ ಎಷ್ಟು ಕಡಿದಿದ್ದಾರೆ ಅನ್ನುವುದು ಈ ವೇಗದಲ್ಲಿ ಹೋದವರಿಗೇ ತಿಳಿಯುವುದು. ಮಳೆಗಾಲದಲ್ಲಿ ಈ ದಾರಿಯಲ್ಲಿ ಸೈಕಲ್ ತೆಗೆಯಲೇಬೇಡಿ, ಎಷ್ಟೇ ಚಂದ ಕಂಡರೂ.

ಅಂಕೋಲಾದಲ್ಲಿ ಊಟ, ಮೇಲೆ ಎರಡೆರಡು ಲೋಟ ಮುರುಗಲು ಪಾನಕ. ಹಾರವಾಡ, ಅಮದಳ್ಳಿ ದಾಟಿದ ಮೇಲೆ ಅರಗಾದಲ್ಲಿ ನೌಕಾನೆಲೆಯ ಗೋಡೆ ಶುರು. ಅಷ್ಟು ಹೊತ್ತು ಗಾಳಿ ಹೊಡೆಸಿಕೊಂಡವರಿಗೆ ಆ ಗೋಡೆಯೇ ದೇವರಾಯಿತು. ಸಮುದ್ರ ಕಾಣಲಿಲ್ಲ ಅಂತ ಯಾರೂ ಬೇಸರ ಮಾಡಲಿಲ್ಲ. ಬಿಣಗಾದ ಸುರಂಗಕ್ಕೆ ಮುಂಚೆ ಹಿಂದಿನ ಕೆಂಪು ಲೈಟ್ ಹಚ್ಚಿದೆವು. ಒಳಗೆ ಹಿಂದೆ ಬರುವುದು ಬೈಕೋ ಲಾರಿಯೋ ಸದ್ದಿನಲ್ಲಿ ಗೊತ್ತಾಗುವುದಿಲ್ಲ, ಎಲ್ಲವೂ ಲಾರಿಯೇ.

ಸುರಂಗ ಮುಗಿದರೆ ಕಾರವಾರ. ಠಾಗೋರ್ ಕಡಲತೀರದ ಯುದ್ಧನೌಕೆ ಚಪಲ್ ಪಕ್ಕ ಸೈಕಲ್ ಒರಗಿಸಿ ಫೋಟೋ ತೆಗೆದು, ಕಾಳಿ ನದಿಯ ಸೇತುವೆಯವರೆಗೂ ಹೋದೆವು. ಶಿರೂರು ಕುಸಿದ ಮಳೆಗಾಲದಲ್ಲೇ, ಆಗಸ್ಟಿನಲ್ಲಿ, ಇಲ್ಲಿನ ಹಳೆಯ ಸೇತುವೆಯೂ ಬಿತ್ತು. ಹೊಸದರ ಮೇಲೆ ವಾಹನ ಜಾಸ್ತಿ, ಹಾಗಾಗಿ ದಾಟದೆ ಆಚೆ ದಡದ ಸದಾಶಿವಗಡ ಕೋಟೆಯನ್ನು ಈಚೆಯಿಂದಲೇ ನೋಡಿದೆವು.

ಮುಂದಿನ ಸಲ ಕಾರವಾರದಿಂದ ಶಿರಸಿಗೆ ಹೊಡೆಯೋಣ, ಗಾಳಿ ಬೆನ್ನಿಗೆ ಬರುತ್ತದೆ ಅಂತ ಭಾವನ ವಾದ. ಹಾಗೆ ಮಾಡಿದರೆ ದಿನದ ಕೊನೆಗೆ, ಸೋತ ಕಾಲಿನಲ್ಲಿ, ದೇವಿಮನೆ ಹತ್ತಬೇಕು ಅಂದೆ. 'ಕುಮಟಾದಲ್ಲಿ ಉಳಕಂಡ್ರಾತು' ಅಂದರು. ಬಸ್ಸಿನ ಡಿಕ್ಕಿಗೆ ಸೈಕಲ್ ಹಾಕಲು ಮುಂದಿನ ಚಕ್ರ ಬಿಚ್ಚುತ್ತಾ ಇನ್ನೂ ವಾದ ಮಾಡುತ್ತಿದ್ದೆವು. ಕಂಡಕ್ಟರ್ ಬಂದು ಎರಡಕ್ಕೂ ಲಗೇಜ್ ಟಿಕೆಟ್ ಹರಿದ.